ಉಪನ್ಯಾಸ ಪದ್ಧತಿ: ಗುಣ ಮತ್ತು ಮಿತಿ
(ವಿದ್ಯಾರ್ಥಿವೇತನ ವಿತರಣಾ ಸಭೆಯಲ್ಲಿ ನಿವೃತ್ತ ಶಿಕ್ಷಕರೊಬ್ಬರು ಮಾಡಿದ ಭಾಷಣ)



ಮೇಷ್ಟ್ರುಗಳ ಕೈಗೆ ಮೈಕು ಕೊಟ್ಟರೆ ಬೇಗ ಬಿಡುವುದಿಲ್ಲ ಎಂಬ ದೂರಿದೆ. ನಿಂತು ಮಾತಾಡುವುದೇ ನಮ್ಮ ವೃತ್ತಿಯಾಗಿತ್ತು. ಆ ಮಾತಿನ ಬಗ್ಗೆಯೇ ಇಂದು ಸ್ವಲ್ಪ ಹೇಳುತ್ತೇವೆ.

ಬಿ.ಎಡ್. ತರಬೇತಿಯಲ್ಲಿ ನಾವು ಉಪನ್ಯಾಸ ಪದ್ಧತಿಯ ಗುಣದೋಷಗಳನ್ನು ಬರೆದು ಅಂಕ ಪಡೆದವರು. ಪ್ರಶ್ನೋತ್ತರ, ಪ್ರಾತ್ಯಕ್ಷಿಕೆ, ಗುಂಪು ಚರ್ಚೆ ಎಲ್ಲವನ್ನೂ ಕಲಿತೆವು. ಶಾಲೆಗೆ ಬಂದರೆ ಅರವತ್ತು ಮಕ್ಕಳು, ನಲವತ್ತು ನಿಮಿಷದ ಪೀರಿಯಡ್, ಮುಗಿಯದ ಪಠ್ಯ. ಬೇರೆ ಪದ್ಧತಿಗಳು ಪಾಠಯೋಜನೆಯ ಪುಸ್ತಕದಲ್ಲೇ ಉಳಿದವು.

ಉಪನ್ಯಾಸವನ್ನು ನಾವು ಹಳಿಯುವುದಿಲ್ಲ. ಹೆಲ್ಮಾಂಟ್ ಎಂಬ ವಿಜ್ಞಾನಿ ಸುಮಾರು ನಾನೂರು ವರ್ಷಗಳ ಹಿಂದೆ ತೂಕ ಮಾಡಿದ ಮಣ್ಣಿನಲ್ಲಿ ಗಿಡ ನೆಟ್ಟು, ಐದು ವರ್ಷ ನೀರು ಹಾಕಿ ಬೆಳೆಸಿದ. ಮರದ ತೂಕ 160 ಪೌಂಡಿಗೂ ಮಿಕ್ಕಿ ಹೆಚ್ಚಿತು. ಮಣ್ಣು ಕಳೆದುಕೊಂಡದ್ದು ಸುಮಾರು ಎರಡು ಔನ್ಸು ಮಾತ್ರ. ಈ ಪ್ರಯೋಗವನ್ನು ಯಾವ ಶಾಲೆಯಲ್ಲಿ ಮಾಡಲಾದೀತು? ಆದರೆ ಐದು ನಿಮಿಷದಲ್ಲಿ ಹೇಳಬಹುದು, ಅರವತ್ತು ಮಕ್ಕಳೂ ಕಣ್ಣರಳಿಸಿ ಕೇಳುತ್ತಾರೆ. ಖರ್ಚಿಲ್ಲದೆ, ಉಪಕರಣವಿಲ್ಲದೆ ಹೆಚ್ಚು ವಿಷಯ ತಲುಪಿಸುವುದು ಉಪನ್ಯಾಸದ ಬಲ.

ಅದರ ಮಿತಿ ನಮಗೆ ತಿಳಿದದ್ದು ನಮ್ಮದೇ ತಪ್ಪಿನಿಂದ. ಒಮ್ಮೆ ದ್ಯುತಿಸಂಶ್ಲೇಷಣೆಯ ಪಾಠವನ್ನು ಬಹಳ ಚೆನ್ನಾಗಿ ಮಾಡಿದೆವು ಎಂದುಕೊಂಡೆವು. "ಅರ್ಥವಾಯಿತೇ?" ಎಂದಾಗ "ಹೌದು ಸಾರ್" ಎಂದು ಇಡೀ ತರಗತಿ ಕೂಗಿತು. ಮರುದಿನ, "ಮರದ ಈ ದಪ್ಪ ಕಾಂಡ ಎಲ್ಲಿಂದ ಬಂತು?" ಎಂದು ಕೇಳಿದರೆ ಬಹುತೇಕ ಎಲ್ಲರ ಉತ್ತರ, "ಮಣ್ಣಿನಿಂದ". ಗಾಳಿಯ ಇಂಗಾಲದ ಡೈಆಕ್ಸೈಡ್ ಮತ್ತು ನೀರಿನಿಂದ ಎಂದು ಹಿಂದಿನ ದಿನವಷ್ಟೇ ಹೇಳಿದ್ದೆವು. ಮಕ್ಕಳು ಕೇಳಿದ್ದರು, ಕಲಿತಿರಲಿಲ್ಲ. ನಾವು ಮಾತಾಡುತ್ತಿರುವಾಗ ಅದು ನಮಗೆ ಕಾಣುವುದೂ ಇಲ್ಲ.

2014ರಲ್ಲಿ ಅಮೆರಿಕದ ಸಂಶೋಧಕರು ಕಾಲೇಜಿನ ವಿಜ್ಞಾನ, ಎಂಜಿನಿಯರಿಂಗ್, ಗಣಿತ ತರಗತಿಗಳ ಕುರಿತ 225 ಅಧ್ಯಯನಗಳನ್ನು ಒಟ್ಟಿಗೆ ಪರಿಶೀಲಿಸಿದರು. ಬರೀ ಉಪನ್ಯಾಸ ನಡೆದಲ್ಲಿ ಅನುತ್ತೀರ್ಣರಾದವರು ಸರಾಸರಿ ಶೇ. 34ರಷ್ಟು, ವಿದ್ಯಾರ್ಥಿಗಳೂ ಚರ್ಚಿಸಿ, ಲೆಕ್ಕ ಬಿಡಿಸಿ ಕಲಿತಲ್ಲಿ ಶೇ. 22ರಷ್ಟು.

ಇದನ್ನು ಇಲ್ಲಿ ಹೇಳಲು ಕಾರಣವಿದೆ. ನಮ್ಮ ಎಷ್ಟೋ ಮಕ್ಕಳಿಗೆ ಮನೆಯಲ್ಲಿ ಬ್ಯಾರಿ ಅಥವಾ ಉರ್ದು, ಹತ್ತನೆಯವರೆಗೆ ಕನ್ನಡ, ಪಿಯುಸಿ ವಿಜ್ಞಾನಕ್ಕೆ ಹೋದರೆ ಒಮ್ಮೆಲೇ ಇಂಗ್ಲಿಷ್ ಉಪನ್ಯಾಸ. ಅರ್ಥವಾಗದಿದ್ದರೂ ನಾಚಿಕೆಯಿಂದ ತಲೆಯಾಡಿಸುತ್ತಾರೆ. ಮೊದಲ ಕಿರುಪರೀಕ್ಷೆಯಲ್ಲಿ ಅಂಕ ಕಡಿಮೆಯಾದರೆ "ಇದು ನನ್ನಂಥವರಿಗಲ್ಲ" ಎಂದು ಓದು ಬಿಡುವವರಿದ್ದಾರೆ. ದಾನಿಗಳ ಹಣ ಶುಲ್ಕ ಕಟ್ಟುತ್ತದೆ. ಈ ಮೌನವನ್ನು ಬಿಡಿಸಲಾರದು.

ಅದನ್ನು ನಾವೆಲ್ಲರೂ ಸೇರಿ ಬಿಡಿಸಬೇಕು. ತಾಯಂದಿರೇ, ಸಂಜೆ ಬೀಡಿ ಸುತ್ತುತ್ತಲೇ ಮಗಳನ್ನು ಕೇಳಿ: "ಇವತ್ತು ಮೇಷ್ಟ್ರು ಏನು ಹೇಳಿದರು? ನನಗೆ ತಿಳಿಯುವ ಹಾಗೆ ಹೇಳು." ಇದಕ್ಕೆ ನೀವು ಶಾಲೆಗೆ ಹೋಗಿರಬೇಕಿಲ್ಲ. ಹತ್ತು ನಿಮಿಷ ಕೇಳಿದರೆ ಸಾಕು. ಹೇಳುವಾಗ ಅವಳು ಎಲ್ಲಿ ತಡವರಿಸುತ್ತಾಳೋ ಅದೇ ಮರುದಿನ ತರಗತಿಯಲ್ಲಿ ಕೇಳಬೇಕಾದ ಪ್ರಶ್ನೆ.

ಮಕ್ಕಳೇ, ಅರ್ಥವಾಗದಿದ್ದರೆ "ಇಲ್ಲ ಸಾರ್" ಎನ್ನಿ. ಒಳ್ಳೆಯ ಶಿಕ್ಷಕರು ಅದಕ್ಕೇ ಕಾದಿರುತ್ತಾರೆ. ದಾನಿಗಳಲ್ಲಿ ಮತ್ತು ಹಿಂದೆ ಈ ವೇತನ ಪಡೆದು ಪದವೀಧರರಾದವರಲ್ಲಿ ನಮ್ಮ ಬಿನ್ನಹ: ಅಂಕಪಟ್ಟಿ ನೋಡುವುದರ ಜೊತೆಗೆ ಭಾನುವಾರ ಒಂದು ಗಂಟೆ ನಾಲ್ಕು ಮಕ್ಕಳೊಡನೆ ಕುಳಿತು ಅವರ ಬಾಯಿಂದ ಪಾಠ ಕೇಳಿ.

ಇಂದು ರಾತ್ರಿಯೇ ಶುರುಮಾಡಿ. ಮರದ ಕಾಂಡ ಎಲ್ಲಿಂದ ಬಂತೆಂದು ಮನೆಗೆ ಹೋಗಿ ಮಕ್ಕಳನ್ನು ಕೇಳಿ ನೋಡಿ.