ರಜೆ 26 ವಾರ, ರೇಟಿಂಗ್ ಯಾವ ಲೆಕ್ಕ?

ಶನಿವಾರ ಬೆಳಿಗ್ಗೆ ಹಿಂಜವಡಿ ಟ್ರಾಫಿಕ್ ದಾಟಿ ಕನ್ನಡದ ಮಾತು ಕೇಳೋಕೆ ಬಂದಿದ್ದೀರಿ, ತುಂಬಾ ಸಂತೋಷ.

ಇವತ್ತಿನ ವಿಷಯ ಹೆರಿಗೆ ರಜೆ. ರಜೆ ಎಷ್ಟು ಸಿಗುತ್ತೆ ಅನ್ನೋದು ನಿಮ್ಮಲ್ಲಿ ಬಹಳ ಜನಕ್ಕೆ ಗೊತ್ತು. ರಜೆ ತಗೊಂಡ ವರ್ಷದ ಅಪ್ರೈಸಲ್‌ನಲ್ಲಿ ಏನಾಗುತ್ತೆ ಅನ್ನೋದರ ಬಗ್ಗೆ ಹೇಳ್ತೀನಿ. ಪ್ರಮೋಷನ್ ಸಿಕ್ಕಿಹಾಕಿಕೊಳ್ಳೋದು ಅಲ್ಲೇ.

ಕಾನೂನು ಬೇಗ ಮುಗಿಸಿಬಿಡೋಣ. 1961ರ ಹೆರಿಗೆ ಸೌಲಭ್ಯ ಕಾಯ್ದೆಗೆ 2017ರಲ್ಲಿ ತಿದ್ದುಪಡಿ ಬಂದು, 12 ವಾರ ಇದ್ದ ಸಂಬಳ ಸಹಿತ ರಜೆ 26 ವಾರ ಆಯ್ತು. ಈಗಾಗಲೇ ಇಬ್ಬರು ಮಕ್ಕಳಿದ್ದರೆ ಮಾತ್ರ 12 ವಾರ. ಹೆರಿಗೆಗೆ ಮುಂಚಿನ 12 ತಿಂಗಳಲ್ಲಿ ಕನಿಷ್ಠ 80 ದಿನ ಅಲ್ಲಿ ಕೆಲಸ ಮಾಡಿರಬೇಕು. 50 ಜನ ಅಥವಾ ಹೆಚ್ಚು ಇರುವ ಕಡೆ ಕ್ರೆಶ್ ಇರಲೇಬೇಕು, ತಾಯಿ ದಿನಕ್ಕೆ 4 ಸಲ ಹೋಗಿ ಮಗುವನ್ನು ನೋಡಿ ಬರಬಹುದು. 2020ರ ಸಾಮಾಜಿಕ ಭದ್ರತಾ ಸಂಹಿತೆಯಲ್ಲೂ ಇವು ಹಾಗೇ ಇವೆ.

26 ವಾರ ಅಂದ್ರೆ 182 ದಿನ, ಶನಿವಾರ ಭಾನುವಾರ ಎಲ್ಲ ಸೇರಿ. ಅದರಲ್ಲಿ ಹೆರಿಗೆಗೆ ಮುಂಚೆ ಹೆಚ್ಚೆಂದರೆ 8 ವಾರ ತಗೋಬಹುದು. ನಮ್ಮ ಹೆಣ್ಣುಮಕ್ಕಳು ಕುಬಸ ಮುಗಿಸಿ ಬಾಣಂತನಕ್ಕೆ ಅಂತ ಹುಬ್ಬಳ್ಳಿಗೋ ದಾವಣಗೆರೆಗೋ ಹೋಗ್ತಾರೆ, ಹಾಗಾಗಿ ಆ 8 ವಾರ ಮೊದಲೇ ಖರ್ಚು. ಉಳಿದಿದ್ದು 18. ಮಗುವಿಗೆ ನಾಲ್ಕು ತಿಂಗಳು ತುಂಬೋ ಹೊತ್ತಿಗೆ ಪುಣೆಯಲ್ಲಿ ಲ್ಯಾಪ್‌ಟಾಪ್ ತೆರೀಬೇಕು. ತವರು ಇಲ್ಲಿಲ್ಲ, ಕರೆದ ತಕ್ಷಣ ಬರೋಕೆ ಪಕ್ಕದ ಬೀದಿಯಲ್ಲಿ ಅತ್ತೆ ಇಲ್ಲ.

ಈಗ ಅಪ್ರೈಸಲ್ ಲೆಕ್ಕ. ಏಪ್ರಿಲ್‌ನಿಂದ ಮಾರ್ಚ್ ನಮ್ಮ ವರ್ಷ ಅಂದ್ಕೊಳ್ಳಿ. ಜುಲೈ ಮಧ್ಯದಲ್ಲಿ ಹೋದವರು ಜನವರಿ ಮಧ್ಯದಲ್ಲಿ ಬರ್ತಾರೆ. ಅಷ್ಟರಲ್ಲಿ ಹಳೇ ಪ್ರಾಜೆಕ್ಟ್ ಬೇರೆಯವರ ಕೈಗೆ ಹೋಗಿರುತ್ತೆ. ಹೊಸ ಅಲೊಕೇಶನ್ ಸಿಗೋವರೆಗೆ ಬೆಂಚ್. ಹಾಗಾಗಿ ಇಡೀ ವರ್ಷದಲ್ಲಿ ತೋರಿಸೋಕೆ ಇರೋ ಕೆಲಸ ಏಪ್ರಿಲ್‌ನಿಂದ ಜುಲೈವರೆಗಿನದು. ಮಾರ್ಚ್‌ನಲ್ಲಿ ಅದು ಯಾರಿಗೂ ನೆನಪಿರಲ್ಲ.

ರೇಟಿಂಗ್ ಮೀಟಿಂಗ್‌ಗಳಲ್ಲಿ ನಾನು ಮೇಜಿನ ಆ ಕಡೆ ಕೂತಿದ್ದೀನಿ. ಅಲ್ಲಿ ಯಾರೂ ದ್ವೇಷದಿಂದ ಮಾತಾಡಲ್ಲ. "ಪಾಪ, ಅರ್ಧ ವರ್ಷ ಇರಲಿಲ್ಲವಲ್ಲ, ಮಧ್ಯದ್ದು ಕೊಡೋಣ, ಬೇಜಾರು ಮಾಡ್ಕೊಳ್ಳಲ್ಲ" ಅಂತಾರೆ. ಬೆಲ್ ಕರ್ವ್‌ನಲ್ಲಿ ಮೇಲಿನ ಜಾಗ ನಾಲ್ಕೋ ಐದೋ. ಅವರಿಗೊಂದು ಕೊಟ್ಟರೆ ರಾತ್ರಿಯೆಲ್ಲ ರಿಲೀಸ್‌ಗೆ ಕೂತ ಹುಡುಗನಿಗೆ ಇಲ್ಲ. ನಿರ್ಧಾರಕ್ಕೆ ಎರಡು ನಿಮಿಷವೂ ಬೇಕಾಗಲ್ಲ.

ಆ ಎರಡು ನಿಮಿಷದ ಬೆಲೆ ನೋಡಿ. ಕೆಲವು ಕಡೆ ಪ್ರಮೋಷನ್‌ಗೆ ಸತತ ಎರಡು ವರ್ಷ ಒಳ್ಳೆ ರೇಟಿಂಗ್ ಬೇಕು. ಮೊದಲ ವರ್ಷ ಒಳ್ಳೇದು, ಎರಡನೇ ವರ್ಷ ರಜೆಯಿಂದ ಮಧ್ಯದ್ದು. ಸರಪಳಿ ಕಡಿತು. ಮತ್ತೆ ಮೂರು, ನಾಲ್ಕನೇ ವರ್ಷ ಎರಡೂ ಚೆನ್ನಾಗಿ ಬಂದರೆ ಆಮೇಲೆ ಪ್ರಮೋಷನ್. ಆರು ತಿಂಗಳ ರಜೆಗೆ ಎರಡು ವರ್ಷ ಹೋಯ್ತು. ಎರಡನೇ ಮಗು ನಾಲ್ಕನೇ ವರ್ಷದಲ್ಲಿ ಆದರೆ? ಅದೇ ಬ್ಯಾಚ್‌ನಲ್ಲಿ ಸೇರಿದ ಗಂಡಸರು ಎಷ್ಟು ಮುಂದಿರ್ತಾರೆ ನೀವೇ ಲೆಕ್ಕ ಹಾಕಿ.

ರಜೆಯಲ್ಲಿದ್ದಾಗ ಕೆಲಸದಿಂದ ತೆಗೆಯೋ ಹಾಗಿಲ್ಲ, ಸೇವಾ ಷರತ್ತುಗಳನ್ನು ಅವರಿಗೆ ನಷ್ಟ ಆಗೋ ಹಾಗೆ ಬದಲಿಸೋ ಹಾಗಿಲ್ಲ ಅಂತ ಕಾಯ್ದೆ ಹೇಳುತ್ತೆ. ಆದರೆ ರೇಟಿಂಗ್ ಅನ್ನೋ ಮಾತೇ ಅದರಲ್ಲಿಲ್ಲ. ಅದು ಕಂಪನಿ ಪಾಲಿಸಿಗೆ ಬಿಟ್ಟಿದ್ದು, ಪಾಲಿಸಿ ಎಚ್‌ಆರ್ ಬರೆಯೋದು. ಅಂದ್ರೆ ಬದಲಾಯಿಸೋಕೆ ಸಂಸತ್ತಿನವರೆಗೆ ಹೋಗಬೇಕಾಗಿಲ್ಲ!

ಎರಡು ದಾರಿ ಇವೆ. ಕೆಲಸ ಮಾಡಿದ ತಿಂಗಳಿಗೆ ತಕ್ಕಂತೆ ಗೋಲ್ ಕಡಿಮೆ ಮಾಡಿ, ಅಷ್ಟಕ್ಕೇ ಅಳೆಯೋದು ಒಂದು. ರಜೆಯ ವರ್ಷಕ್ಕೆ ಹಿಂದಿನ ವರ್ಷದ ರೇಟಿಂಗನ್ನೇ ಮುಂದುವರಿಸೋದು ಇನ್ನೊಂದು. ನನ್ನ ಓಟು ಎರಡನೇದಕ್ಕೆ. ಮೊದಲನೇದು ಕೇಳೋಕೆ ನ್ಯಾಯವಾಗಿದ್ದರೂ ಮತ್ತೆ ಮ್ಯಾನೇಜರ್ ನೆನಪಿನ ಮೇಲೇ ನಿಲ್ಲುತ್ತೆ. ಯಾವುದು ಅನ್ನೋದನ್ನು ರಜೆಗೆ ಹೋಗೋ ಮುಂಚೆ ಮೇಲ್‌ನಲ್ಲಿ ಬರೆಸಿಕೊಳ್ಳಿ. ಮುಗಿಸಿದ ಕೆಲಸದ ಪಟ್ಟಿಯನ್ನೂ ಅದೇ ಮೇಲ್‌ನಲ್ಲಿ ಹಾಕಿ. ವಾಪಸ್ ಬಂದಾಗ ಮ್ಯಾನೇಜರೇ ಬದಲಾಗಿರಬಹುದು, ಐಟಿಯಲ್ಲಿ ಅದೇನು ಹೊಸದಲ್ಲ.

ಕಂಪನಿ ಕಡೆಯ ಮಾತೂ ಇದೆ. ಇಎಸ್‌ಐ ವ್ಯಾಪ್ತಿಗೆ ಬರದವರ 26 ವಾರದ ಸಂಬಳವನ್ನು ಪೂರ್ತಿ ಕಂಪನಿಯೇ ಕೊಡಬೇಕು, ಸರ್ಕಾರದ ಪಾಲಿಲ್ಲ. ಹತ್ತಿಪ್ಪತ್ತು ಜನರ ಸ್ಟಾರ್ಟಪ್‌ಗೆ ಅದು ಭಾರವೇ. ಆದರೆ ಒಂದು ರೇಟಿಂಗ್ ಮುಂದುವರಿಸೋಕೆ ಎಂಥ ಖರ್ಚು?

ಹಿಂದಿನ ಸಾಲಿನಲ್ಲಿ ಒಬ್ಬರು ಗಂಡಂದಿರ ರಜೆ ಬಗ್ಗೆ ಕೇಳ್ತಿದ್ದಾರೆ. ಕೇಂದ್ರ ಸರ್ಕಾರಿ ನೌಕರರಿಗೆ 15 ದಿನ ಇದೆ. ಖಾಸಗಿಯವರಿಗೆ ಕಾನೂನಿಲ್ಲ, ಕಂಪನಿ ಕೊಟ್ಟಷ್ಟು. ನಿಮ್ಮಲ್ಲಿ ಐದೋ ಹತ್ತೋ ದಿನ ಇದ್ದು, ಯಾವಾಗ ಬೇಕಾದರೂ ತಗೋಬಹುದು ಅಂತಿದ್ದರೆ, ಎಲ್ಲ ಹೆರಿಗೆ ವಾರಕ್ಕೇ ಮುಗಿಸಬೇಡಿ. ಆಗ ನೋಡಿಕೊಳ್ಳೋಕೆ ತವರಲ್ಲಿ ನಾಲ್ಕು ಜನ ಇರ್ತಾರೆ. ಅರ್ಧವಾದರೂ ಆಕೆ ಆಫೀಸಿಗೆ ವಾಪಸ್ ಹೋಗೋ ವಾರಕ್ಕೆ ಇಟ್ಟುಕೊಳ್ಳಿ. ಕ್ರೆಶ್‌ಗೆ ಸೇರಿಸಿದ ಮೂರನೇ ದಿನಕ್ಕೆ ಮಗುವಿಗೆ ಜ್ವರ ಬಂದಾಗ ಫೋನ್ ನಿಮಗೆ ಬರಲಿ. ಕ್ರೆಶ್ ಫಾರ್ಮ್‌ನಲ್ಲಿ ಮೊದಲ ನಂಬರ್ ಯಾರದ್ದು ಕೊಟ್ಟಿದ್ದೀರಿ, ಮನೆಗೆ ಹೋಗಿ ನೋಡಿ.