ಪೆಟ್ಟಿಗೆ ಅದೇ, ಜಾಗ ಬೇರೆ



ಬೆಳಗಿನ ಹೊತ್ತು ಮಡಿವಾಳ ಮಾರ್ಕೆಟ್ಟಿಗೆ ಹೋದವರಿಗೆ ಗೊತ್ತು, ಸೊಪ್ಪಿನ ರಾಶಿ ಕಣ್ಣಿಗೆ ಬೀಳುವ ಮೊದಲೇ ಸೊಪ್ಪಿನವರ ಕೂಗು ಕಿವಿಗೆ ಬೀಳುತ್ತದೆ. ಬಸ್ಸಿನ ಹಾರನ್ನನ್ನೂ ಮೀರಿಸುವ ಗಂಟಲು. ಅಲ್ಲಿ ಅದೇ ಬಂಡವಾಳ. ಮನೆಗೆ ಹೋಗಿ ಅದೇ ಗಂಟಲಲ್ಲಿ ಜೋಗುಳ ಹಾಡಿದರೆ ಮಾತ್ರ ತೊಟ್ಟಿಲ ಮಗು ಬೆಚ್ಚಿ ಏಳುತ್ತದೆ.

ಹಾರ್ಮೋನಿಯಂ ಕಥೆಯೂ ಹೀಗೇ. ಗುಬ್ಬಿ ಕಂಪನಿಯಂಥ ನಾಟಕ ಮಂಡಳಿಗಳಲ್ಲಿ ಹಾರ್ಮೋನಿಯಂ ಮಾಸ್ಟರೆಂದರೆ ಅರ್ಧ ನಾಟಕ. ಕಾಲಲ್ಲಿ ತಿದಿ ಒತ್ತುತ್ತಾ, ಬೆರಳು ಓಡಿಸುತ್ತಾ, ಕಣ್ಣನ್ನು ಮಾತ್ರ ನಟನ ಮೇಲಿಟ್ಟು ಕೂರುತ್ತಿದ್ದರು. ಮೈಕಿಲ್ಲದ ಕಾಲದಲ್ಲಿ ಹಿಂದೆ ನೆಲದ ಮೇಲೆ ಕೂತವರಿಗೂ ಹಾಡು ಮುಟ್ಟಿಸಿದ್ದು ಆ ಲೆಗ್ ಹಾರ್ಮೋನಿಯಂನ ದೊಡ್ಡ ದನಿ.

ಆದರೆ 1940ರ ಮಾರ್ಚ್ 1ರಿಂದ ಆಲ್ ಇಂಡಿಯಾ ರೇಡಿಯೋ ಹಾರ್ಮೋನಿಯಂ ಅನ್ನು ಬಾಗಿಲಾಚೆ ನಿಲ್ಲಿಸಿತು. ಒಂದು ಕೀಗೆ ಒಂದೇ ಸ್ವರ. ಸ್ವರದಿಂದ ಸ್ವರಕ್ಕೆ ಜಾರುವ ಗಮಕ ಅದಕ್ಕೆ ಒಲಿಯದು ಎಂಬುದು ದೂರು. ಸುಳ್ಳೇನಲ್ಲ. ಬಾಯಿಯ ಹತ್ತಿರವೇ ಮೈಕಿರುವಾಗ ಗಟ್ಟಿ ದನಿಗಿಂತ ಸ್ವರದ ಬಳುಕು ಮುಖ್ಯ.

ಅತ್ತ ಅಮೆರಿಕದಲ್ಲಿ ನಡೆದದ್ದು ಇನ್ನೊಂದು. ಮೂಕಿ ಚಿತ್ರಗಳಿಗೆ ಥಿಯೇಟರಿನಲ್ಲಿ ಆರ್ಗನ್ ನುಡಿಸುತ್ತಿದ್ದವರ ಕೆಲಸವನ್ನು ಟಾಕಿ ಕಿತ್ತುಕೊಂಡಿತು. ಅವರಲ್ಲೊಬ್ಬರಾದ ಗೇಲಾರ್ಡ್ ಕಾರ್ಟರ್ ರೇಡಿಯೋಗೆ ಬಂದು, ಹೆಸರಾಂತ 'ಏಮಸ್ ಎನ್ ಆಂಡಿ' ಕಾರ್ಯಕ್ರಮಕ್ಕೆ ಆರ್ಗನ್ ನುಡಿಸಿದರು. ಮಾತಿಲ್ಲದ ಚಿತ್ರಕ್ಕೆ ದನಿ ಕೊಟ್ಟ ಕೈ, ಚಿತ್ರವಿಲ್ಲದ ಮಾತಿಗೂ ಒದಗಿತು.

ನಮ್ಮ ಹಾರ್ಮೋನಿಯಂ? ಅದಕ್ಕೆ ರಂಗದಲ್ಲಿ ಜಾಗವಿತ್ತು, ಭಜನೆ ಮನೆಯಲ್ಲಿತ್ತು, ಸಂಗೀತ ಕಛೇರಿಯಲ್ಲಿತ್ತು. ಹಾರ್ಮೋನಿಯಂ ಮುಂದೆ ಕೂತು ಆರ್. ಪರಮಶಿವನ್ ರಂಗಗೀತೆ ಹಾಡಿದರೆ ಕಂಪನಿ ನಾಟಕದ ಪರದೆಯೇ ಮೇಲೆದ್ದಂತಾಗುತ್ತಿತ್ತು. ಕೊನೆಗೆ 1971ರಲ್ಲಿ ರೇಡಿಯೋ ಕೂಡ ಬಾಗಿಲನ್ನು ಸ್ವಲ್ಪ ತೆರೆಯಿತು. ಮೂವತ್ತೊಂದು ವರ್ಷದಲ್ಲಿ ಆ ಪೆಟ್ಟಿಗೆಯೇನೂ ಗಮಕ ಕಲಿತಿರಲಿಲ್ಲ. ಕೇಳುವ ಕಿವಿ ಮೆತ್ತಗಾಗಿತ್ತು, ಅಷ್ಟೇ.

ಮನೆಯಲ್ಲಿ, ಕಚೇರಿಯಲ್ಲಿ ಯಾರನ್ನೋ ನಾವು 'ಇವನಿಂದ ಆಗದು' ಎಂದು ತೀರ್ಮಾನಿಸಿರುತ್ತೇವೆ. ಜೋಗುಳಕ್ಕೆ ಒಗ್ಗದ ಗಂಟಲನ್ನು ಬೈಯುವ ಮೊದಲು, ಅದಕ್ಕೊಂದು ಸಂತೆ ತೋರಿಸಿದ್ದೇವೆಯೇ ಎಂದು ಕೇಳಿಕೊಳ್ಳೋಣ.