ಪಂಜರದ ಹಕ್ಕಿಯ ರಾತ್ರಿ

(ಪರಿಸರ ಶಿಬಿರವೊಂದರಲ್ಲಿ ಗ್ರಾಮಸ್ಥರು ಹಾಗೂ ವಿದ್ಯಾರ್ಥಿಗಳನ್ನು ಉದ್ದೇಶಿಸಿ ಮಾಡಿದ ಉಪನ್ಯಾಸದ ಬರಹರೂಪ)



ಕಾಡು, ಹೊಳೆ, ಗಣಿಗಾರಿಕೆಗಳ ಕುರಿತು ಇಂತಹ ಶಿಬಿರಗಳಲ್ಲಿ ನಾವು ಅನೇಕ ಸಲ ಚರ್ಚಿಸಿದ್ದೇವೆ. ಅವುಗಳ ಮುಂದೆ ನನ್ನ ಇಂದಿನ ವಿಷಯ ಬಹಳ ಸಣ್ಣದೆಂದು ತಮಗೆ ತೋರಬಹುದು. ಮನೆಯಲ್ಲಿ ಸಾಕಿದ ಹಕ್ಕಿ ರಾತ್ರಿಯನ್ನು ಹೇಗೆ ಕಳೆಯುತ್ತದೆ ಎಂಬುದೇ ಆ ವಿಷಯ. ಇದನ್ನು ಆರಿಸಿಕೊಳ್ಳಲು ನನ್ನ ಬಾಲ್ಯದ ಒಂದು ಘಟನೆ ಕಾರಣವಾಗಿದೆ.

ನಮ್ಮ ಮನೆಯಲ್ಲೊಂದು ಗಿಳಿಯಿತ್ತು. ಮರದ ಪೊಟರೆಯಿಂದ ಇಳಿಸಿ ತಂದ ಮರಿ. ಅದಕ್ಕೆ ಬಾಳೆಹಣ್ಣಿಗಾಗಲಿ ಮೆಣಸಿನಕಾಯಿಗಾಗಲಿ ಕೊರತೆ ಇರಲಿಲ್ಲ. ಅಡಿಕೆ ಸುಲಿಯುವ ಕಾಲದಲ್ಲಿ ಜಗಲಿಯ ಮೇಲೆ ಹತ್ತಾರು ಜನ ನಡುರಾತ್ರಿಯವರೆಗೆ ಮೆಟ್ಟುಗತ್ತಿಯ ಮುಂದೆ ಕುಳಿತಿರುತ್ತಿದ್ದರು. ಎಲ್ಲರಿಗೂ ಬೇಸರ ಕಳೆಯಲೆಂದು ಪಂಜರವನ್ನು ಅಲ್ಲಿಯೇ ದೀಪದ ಕೆಳಗೆ ತೂಗುಹಾಕುತ್ತಿದ್ದೆವು. ಅದು ಕಣ್ಣು ಮುಚ್ಚಿದರೆ ಕಡ್ಡಿಯಿಂದ ತಿವಿದು ಎಬ್ಬಿಸುವ ಕೆಲಸ ನನ್ನದು. ಒಂದು ರಾತ್ರಿ ಎಲ್ಲರೂ ಮಲಗಿದ ಮೇಲೆ ಪಂಜರದೊಳಗಿಂದ ರೆಕ್ಕೆ ಬಡಿಯುವ ಸದ್ದು ಕೇಳಿಸಿತು. ಬೆಕ್ಕು ಬಂದಿರಬೇಕೆಂದು ಬ್ಯಾಟರಿ ಹಿಡಿದು ಹೋದರೆ ಬೆಕ್ಕಿರಲಿಲ್ಲ. ಗಿಳಿ ತಳದಲ್ಲಿ ಬಿದ್ದಿತ್ತು. ರೆಕ್ಕೆಯಿಂದ ರಕ್ತ ಸುರಿಯುತ್ತಿತ್ತು. ಬೆಳಗಾಗುವುದರೊಳಗೆ ಸತ್ತಿತು. ಅದರ ಆಯುಷ್ಯ ಅಷ್ಟೇ ಎಂದರು ಹಿರಿಯರು. ನಾನೂ ಹಾಗೆಯೇ ನಂಬಿದ್ದೆ.

ಆ ಗಿಳಿ ಕಾಡಿನಲ್ಲಿದ್ದರೆ ಅದರ ರಾತ್ರಿ ಹೇಗಿರುತ್ತಿತ್ತು? ನಮ್ಮ ಸೀಮೆಯಲ್ಲಿ ವರ್ಷದ ಯಾವ ಋತುವಿನಲ್ಲಿಯೂ ರಾತ್ರಿಯ ಅವಧಿ ಸುಮಾರು 11 ಗಂಟೆಗಿಂತ ಕಡಿಮೆಯಾಗದು. ಸೂರ್ಯಾಸ್ತದ ಹೊತ್ತಿಗೆ ಗಿಳಿಗಳು ಹಿಂಡುಹಿಂಡಾಗಿ ಬಂದು ಎತ್ತರದ ಮರವೊಂದನ್ನು ಸೇರುತ್ತವೆ. ಸ್ವಲ್ಪ ಹೊತ್ತು ಗದ್ದಲ ಮಾಡಿ, ಕತ್ತಲಾಗುತ್ತಲೇ ಮೌನವಾಗುತ್ತವೆ. ನಮ್ಮ ಪಶ್ಚಿಮಘಟ್ಟದಲ್ಲಿಯೇ ಇರುವ ಒಂದು ಪುಟ್ಟ ಗಿಳಿಯಂತೂ ಬಾವಲಿಯ ಹಾಗೆ ಕೊಂಬೆಯಿಂದ ತಲೆಕೆಳಗಾಗಿ ಜೋತು ನಿದ್ರಿಸುತ್ತದೆ.

ಹಕ್ಕಿಯ ನಿದ್ರೆ ನಮ್ಮ ನಿದ್ರೆಯಂತಲ್ಲ. ಅದು ಮೆದುಳಿನ ಅರ್ಧ ಭಾಗವನ್ನು ಮಲಗಿಸಿ, ಇನ್ನರ್ಧವನ್ನು ಎಚ್ಚರವಾಗಿಟ್ಟುಕೊಳ್ಳಬಲ್ಲದು. 1999ರಲ್ಲಿ ಅಮೆರಿಕದ ವಿಜ್ಞಾನಿಗಳು ಬಾತುಗಳನ್ನು ಸಾಲಾಗಿ ಮಲಗಿಸಿ ಪರೀಕ್ಷಿಸಿದರು. ನಡುವಿನ ಬಾತುಗಳು ಹೆಚ್ಚಾಗಿ ಎರಡೂ ಕಣ್ಣು ಮುಚ್ಚಿ ಮಲಗಿದವು. ಸಾಲಿನ ತುದಿಯಲ್ಲಿದ್ದವು ಮಾತ್ರ ಹೊರಗಡೆಯ ಕಣ್ಣನ್ನು ತೆರೆದಿಟ್ಟು, ಅರ್ಧ ನಿದ್ರೆಯಲ್ಲಿ ಕಾವಲಿದ್ದವು. ಅಂದರೆ ಹಕ್ಕಿಗೆ ನೆಮ್ಮದಿಯ ನಿದ್ರೆ ದೊರೆಯುವುದು ಪಕ್ಕದಲ್ಲಿ ಜೊತೆಗಾರರಿರುವಾಗ. ಒಂಟಿ ಪಂಜರದ ಗಿಳಿಗಾದರೋ ನಾಲ್ಕೂ ಕಡೆ ತುದಿಯೇ.

ಕತ್ತಲಲ್ಲಿ ಕೋಳಿಯನ್ನು ಹಿಡಿಯುವುದು ಸುಲಭವೆಂಬುದನ್ನು ತಾವೆಲ್ಲ ಬಲ್ಲಿರಿ. ಹಗಲಿನಲ್ಲಿ ಸಂಚರಿಸುವ ಹಕ್ಕಿಗೆ ಕತ್ತಲಲ್ಲಿ ಕಣ್ಣು ಕಾಣುವುದು ಬಹಳ ಕಡಿಮೆ. ಆದ್ದರಿಂದ ರಾತ್ರಿ ಇಲಿ ಓಡಿದರೂ, ವಾಹನದ ಬೆಳಕು ಗೋಡೆಯ ಮೇಲೆ ಹಾದುಹೋದರೂ ಪಂಜರದ ಹಕ್ಕಿ ಗಾಬರಿಗೊಂಡು ಹಾರಲೆತ್ನಿಸುತ್ತದೆ, ಸರಳುಗಳಿಗೆ ಬಡಿದುಕೊಳ್ಳುತ್ತದೆ. ಆಗತಾನೆ ಬೆಳೆಯುತ್ತಿರುವ ಗರಿಯ ಬುಡದಲ್ಲಿ ರಕ್ತ ತುಂಬಿರುತ್ತದೆ; ಅದು ಮುರಿದರೆ ರಕ್ತಸ್ರಾವವಾಗುತ್ತದೆ. ನಮ್ಮ ಗಿಳಿಗೆ ಆದದ್ದು ಇದೇ ಇರಬೇಕೆಂದು ಬಹಳ ವರ್ಷಗಳ ಬಳಿಕ ನನಗೆ ಅರ್ಥವಾಯಿತು.

ಬೆಳಕಿನ ವಿಚಾರವೂ ಇದೆ. ಬೆಳಕು ಹಕ್ಕಿಯ ಕಣ್ಣಿನಿಂದ ಮಾತ್ರವಲ್ಲ, ತೆಳುವಾದ ತಲೆಬುರುಡೆಯ ಮೂಲಕವೂ ಮೆದುಳನ್ನು ತಲುಪುತ್ತದೆ. ಹಗಲು ಎಷ್ಟು ದೀರ್ಘವೆಂಬುದನ್ನು ಅದರ ದೇಹ ಹೀಗೆ ಅಳೆಯುತ್ತದೆ. ಕೋಳಿ ಸಾಕಣೆಯವರು ದಿನಕ್ಕೆ 14ರಿಂದ 16 ಗಂಟೆ ಬೆಳಕು ಕೊಟ್ಟು ಮೊಟ್ಟೆಯ ಇಳುವರಿ ಹೆಚ್ಚಿಸುವುದು ಈ ಗುಣದಿಂದಲೇ. ದೂರದರ್ಶನದ ಪಕ್ಕದಲ್ಲಿ ತಡರಾತ್ರಿಯವರೆಗೆ ಎಚ್ಚರವಿರುವ ಹೆಣ್ಣು ಹಕ್ಕಿ ಕೂಡ ಜೋಡಿಯಿಲ್ಲದೆಯೇ ಮೇಲಿಂದ ಮೇಲೆ ಮೊಟ್ಟೆಯಿಡತೊಡಗಬಹುದು. ಅದರಿಂದ ಮೈಯ ಸುಣ್ಣದ ಅಂಶ ಬರಿದಾಗಿ, ಮೊಟ್ಟೆ ಹೊಟ್ಟೆಯಲ್ಲಿಯೇ ಸಿಕ್ಕಿಕೊಂಡು ಪ್ರಾಣಕ್ಕೆ ಎರವಾಗುವುದುಂಟು.

ವಿದ್ಯಾರ್ಥಿಗಳು ಇನ್ನೊಂದು ಸಂಗತಿಯನ್ನು ಗಮನಿಸಬೇಕು. ಜೀಬ್ರಾ ಫಿಂಚ್ ಎಂಬ ಪುಟ್ಟ ಹಾಡುಹಕ್ಕಿಯನ್ನು ಅನೇಕರು ಸಾಕುತ್ತಾರೆ. ಅದು ಹಾಡುವಾಗ ಮೆದುಳಿನ ಕೋಶಗಳು ಯಾವ ಕ್ರಮದಲ್ಲಿ ಮಿಡಿಯುತ್ತವೆಯೋ, ನಿದ್ರೆಯಲ್ಲಿಯೂ ಅದೇ ಕ್ರಮ ಆಗಾಗ ಮರುಕಳಿಸುತ್ತದೆಂದು 2000ದಲ್ಲಿ ಷಿಕಾಗೊ ವಿಶ್ವವಿದ್ಯಾಲಯದ ಸಂಶೋಧಕರು ತೋರಿಸಿದರು. ಹಕ್ಕಿ ತನ್ನ ಹಾಡನ್ನು ನಿದ್ರೆಯಲ್ಲಿ ಮೆಲುಕು ಹಾಕುತ್ತದೆ ಎನ್ನಬಹುದು.

ಹಾಗಾದರೆ ನಾವು ಮಾಡಬೇಕಾದುದೇನು? ಮೊದಲನೆಯದಾಗಿ, ನಮ್ಮ ನಾಡಿನ ಗಿಳಿಗಳನ್ನು ಹಿಡಿಯುವುದು, ಮಾರುವುದು, ಸಾಕುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಪ್ರಕಾರ ಅಪರಾಧ. ಈಗಾಗಲೇ ಇಟ್ಟುಕೊಂಡಿದ್ದರೆ ಪಂಜರದ ಬಾಗಿಲನ್ನು ಒಮ್ಮೆಲೇ ತೆರೆದು ಬಿಡಬೇಡಿ. ಹಾರಲು ಮರೆತ, ಆಹಾರ ಹುಡುಕಲರಿಯದ ಹಕ್ಕಿ ಹೊರಗೆ ಬದುಕಲಾರದು. ಅರಣ್ಯ ಇಲಾಖೆಗೆ ಒಪ್ಪಿಸುವುದೇ ಸರಿಯಾದ ಮಾರ್ಗ.

ಅಂಗಡಿಗಳಲ್ಲಿ ಲವ್‌ಬರ್ಡ್ ಎಂದು ಮಾರುವ ಬಡ್ಜರಿಗಾರ್, ತುರಾಯಿಯುಳ್ಳ ಕಾಕಟೀಲ್ ಮೊದಲಾದ ಹಕ್ಕಿಗಳ ಮೂಲ ಆಸ್ಟ್ರೇಲಿಯ. ಅವು ಮನೆಯಲ್ಲಿದ್ದರೆ ಅವುಗಳಿಗೆ ಪ್ರತಿದಿನ 10ರಿಂದ 12 ಗಂಟೆ ಕತ್ತಲು, ನಿಶ್ಶಬ್ದ ಒದಗಿಸಿರಿ. ಸಂಜೆಯಾದ ಮೇಲೆ ಪಂಜರವನ್ನು ಜನಸಂಚಾರವಿಲ್ಲದ ಕೋಣೆಗೆ ಸಾಗಿಸಿ. ತೆಳುವಾದ ಹತ್ತಿ ಬಟ್ಟೆ ಹೊದಿಸಿ, ಗಾಳಿಯಾಡಲು ಒಂದು ಬದಿ ತೆರೆದಿಡಿ. ಅಲ್ಲಿ ಸೊಳ್ಳೆಬತ್ತಿ ಹಚ್ಚಬೇಡಿ. ಹಕ್ಕಿಯ ಶ್ವಾಸಾಂಗ ಬಹಳ ಸೂಕ್ಷ್ಮ. ಕೂರಲು ನಯವಾದ ಕೋಲಿನ ಬದಲು ಪೇರಲೆಯ ಒರಟು ಕೊಂಬೆಯನ್ನು ಎತ್ತರದಲ್ಲಿ ಕಟ್ಟಿರಿ. ಕಾಕಟೀಲ್‌ಗಳು ರಾತ್ರಿ ಬೇಗ ಬೆದರುವುದರಿಂದ ಅವುಗಳಿಗೆ ಮಾತ್ರ ಬಹು ಮಂದವಾದ ದೀಪವೊಂದಿದ್ದರೆ ಒಳಿತು.

ಮಲಗುವ ಮುನ್ನ ಗಿಳಿಜಾತಿಯ ಹಕ್ಕಿ ಕೊಕ್ಕು ಮಸೆಯುವುದು, ಒಂದು ಕಾಲನ್ನು ಮೇಲೆತ್ತಿಕೊಳ್ಳುವುದು, ಕೊಕ್ಕನ್ನು ಬೆನ್ನಿನ ಗರಿಗಳಲ್ಲಿ ಹುದುಗಿಸುವುದು ಸಹಜವಾದ ಲಕ್ಷಣಗಳು. ಹಗಲಿನಲ್ಲಿಯೂ ಗರಿ ಉಬ್ಬಿಸಿಕೊಂಡು ತೂಕಡಿಸುತ್ತಿದ್ದರೆ, ಪಂಜರದ ತಳದಲ್ಲಿ ಕುಳಿತಿದ್ದರೆ ಅದು ಕಾಯಿಲೆಯ ಸೂಚನೆ, ಪಶುವೈದ್ಯರಿಗೆ ತೋರಿಸಿರಿ.

ಕೊನೆಯದಾಗಿ ಒಂದು ಮಾತು. ಪಂಜರದ ಹಕ್ಕಿಗೆ ನಾವು ಬಟ್ಟೆ ಹೊದಿಸಿ ಕತ್ತಲು ಕೊಡಬಹುದು. ಮರದಲ್ಲಿ ಮಲಗುವ ಹಕ್ಕಿಗೆ ಹೊದಿಸುವವರಾರು? ನಮ್ಮ ಬೆಟ್ಟಗಳ ಮೇಲೆಯೂ ಈಗ ರಾತ್ರಿಯಿಡೀ ಪ್ರಖರ ದೀಪಗಳು ಉರಿಯುತ್ತಿವೆ. ನಿಮ್ಮ ಅಂಗಳದ ದೀಪ ಹಕ್ಕಿಗಳು ತಂಗುವ ಮರದತ್ತ ಮುಖ ಮಾಡಿದ್ದರೆ ಅದನ್ನು ನೆಲದತ್ತ ತಿರುಗಿಸಿ, ಮಲಗುವ ಮುನ್ನ ಆರಿಸಿ. ಗಿಳಿಗಳು ಮರಿ ಮಾಡುವ ಕಾಲದಲ್ಲಿ ಪೊಟರೆಗೆ ಕೈಹಾಕಲು ಮರ ಹತ್ತುವ ಹುಡುಗನನ್ನು ಕಂಡರೆ ಕೆಳಗಿಳಿಸಿ, ನನ್ನ ಗಿಳಿಯ ಕಥೆಯನ್ನು ಹೇಳಿರಿ. ನನಗೆ ಆ ವಯಸ್ಸಿನಲ್ಲಿ ಇದನ್ನು ಹೇಳಿದವರು ಯಾರೂ ಇರಲಿಲ್ಲ.